ಮಾನ್ವಿಯಲ್ಲಿ ಶಾಕ್ ಹೊಡೆದರೆ ಕುಷ್ಟಗಿಯಲ್ಲಿ ಪ್ಲಗ್ ನೋಡಿ

ಪ್ರಶ್ನೆ: ನಮ್ಮ ಟ್ರಸ್ಟಿನ ಮುಖ್ಯ ಕಚೇರಿ ರಾಯಚೂರಿನಲ್ಲಿದೆ. ರಾಯಚೂರು, ಮಾನ್ವಿ, ಸಿಂಧನೂರು, ಗಂಗಾವತಿ, ಕುಷ್ಟಗಿ, ಕೊಪ್ಪಳ, ಹೀಗೆ ಆರು ಕಡೆ ವೃದ್ಧಾಶ್ರಮ, ಮಕ್ಕಳ ಮನೆ, ಅಂಗವಿಕಲ ಮಕ್ಕಳ ವಸತಿ ಶಾಲೆ ನಡೆಸುತ್ತೇವೆ. ಸಿಬ್ಬಂದಿ ನೂರಕ್ಕೂ ಜಾಸ್ತಿ. ಒಂದೊಂದು ಕಡೆ ಒಂದೊಂದು ಇಲಾಖೆಯವರು ತಪಾಸಣೆಗೆ ಬರುತ್ತಾರೆ. ನಾವೂ ಒಬ್ಬರನ್ನು ಕಳಿಸಿ, ಉದ್ದ ಪಟ್ಟಿಗೆ ಟಿಕ್ ಹಾಕಿಸುತ್ತೇವೆ. ಆದರೂ ಅದದೇ ತಪ್ಪುಗಳು. ಕಳೆದ ತಿಂಗಳು ಮಾನ್ವಿಯಲ್ಲಿ ಆಯಾ ಒಬ್ಬರಿಗೆ ಕೂಲರ್‌ನಿಂದ ಶಾಕ್ ಹೊಡೆಯಿತು. ಕೂಲರ್ ರಿಪೇರಿ ಮಾಡಿಸಿದ್ದೇವೆ. ತಪಾಸಣೆಗೆ ಇನ್ನೊಬ್ಬರನ್ನು ನೇಮಿಸಬೇಕೇ?
– ಆಡಳಿತಾಧಿಕಾರಿ, ರಾಯಚೂರು

ಉತ್ತರ: ಬೇಡ. ಮೊದಲು ಒಂದು ಮಾತು ಹೇಳಿ. ಮಾನ್ವಿಯಲ್ಲಿ ಶಾಕ್ ಹೊಡೆದ ಮೇಲೆ ಉಳಿದ ಐದು ಊರಿನಲ್ಲಿ ಯಾರಾದರೂ ಕೂಲರ್‌ಗಳ ಪ್ಲಗ್ ನೋಡಿದರಾ? ಪತ್ರದಲ್ಲಿ ಆ ಸುದ್ದಿಯೇ ಇಲ್ಲ. ನಿಮ್ಮ ತೊಂದರೆ ಇರುವುದು ಅಲ್ಲೇ.

ನಮ್ಮ ಕಡೆ ಮಾರ್ಚ್ ಬಂತೆಂದರೆ ಕೂಲರ್ ಅಟ್ಟದಿಂದ ಇಳಿಯುತ್ತದೆ. ತಗಡಿನ ಮೈ, ಒಳಗೆ ನೀರು, ನೀರಲ್ಲಿ ಮೋಟಾರ್. ಮೂರು ಪಿನ್ನಿನ ಪ್ಲಗ್ ಬೋರ್ಡಿಗೆ ಕೂರಲಿಲ್ಲ ಅಂದರೆ ನಮ್ಮವರು ಮೇಲಿನ ದಪ್ಪ ಪಿನ್ನನ್ನೇ ಮುರಿದುಬಿಡುತ್ತಾರೆ. ಅದೇ ಅರ್ಥಿಂಗ್ ಪಿನ್, ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವುದು. ಅದು ಹೋಯಿತೆಂದರೆ ಒದ್ದೆ ಕೈಯಲ್ಲಿ ಕೂಲರ್ ಮುಟ್ಟಿದವರ ಮೈಯೇ ಅರ್ಥಿಂಗ್. ಎಂಸಿಬಿ ಇದೆಯಲ್ಲ ಅನ್ನಬೇಡಿ. ಅದು ವೈರು ಕಾಯುತ್ತದೆ, ಮನುಷ್ಯರನ್ನಲ್ಲ. ಮನುಷ್ಯರನ್ನು ಕಾಯುವುದು 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ಕೂಡಲೇ ತಾನೇ ಆಫ್ ಆಗುವ ಸ್ವಿಚ್. ಅದರ ಮೇಲೆ 'ಟಿ' ಅಂತ ಒಂದು ಬಟನ್ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿಸಿ. ಕರೆಂಟ್ ಹೋಗಬೇಕು. ಹೋಗದಿದ್ದರೆ ಅದು ಗೋಡೆಗೆ ಬಡಿದ ಪ್ಲಾಸ್ಟಿಕ್ ಡಬ್ಬಿ ಅಷ್ಟೇ. ಇನ್ನೊಂದು, ಬೇಸಿಗೆಯಲ್ಲಿ ಎರೆಭೂಮಿ ಬಿರುಕು ಬಿಡುವಾಗ ಅರ್ಥಿಂಗ್ ತಂತಿ ನೆಲಕ್ಕಿಳಿದ ಗುಂಡಿಯೂ ಒಣಗಿರುತ್ತದೆ. ಆಗಾಗ ಎರಡು ಕೊಡ ನೀರು ಹಾಕಿಸಿ.

ಈ ಕೆಲಸ ಮಾನ್ವಿಯಲ್ಲಿ ಮಾತ್ರ ಆದರೆ ರಿಪೇರಿ. ಏಳು ದಿನದಲ್ಲಿ ಆರೂ ಕಡೆ ಆದರೆ ಅದು ತಪಾಸಣೆ. 2019ರ ಆಗಸ್ಟ್ 18ರಂದು ಕೊಪ್ಪಳದ ವಿದ್ಯಾರ್ಥಿ ನಿಲಯದಲ್ಲಿ ಧ್ವಜದ ಕಂಬ ತೆಗೆಯುವಾಗ ವಿದ್ಯುತ್ ತಂತಿ ತಗುಲಿ ಐದು ಹುಡುಗರು ಸತ್ತರು. ಅವತ್ತು ಸುದ್ದಿ ಓದಿ ಎಲ್ಲರೂ ಮರುಗಿದೆವು. ನಿಮ್ಮ ಆರು ಕಟ್ಟಡಗಳ ಮೇಲೆ, ಪಕ್ಕದಲ್ಲಿ ತಂತಿ ಎಲ್ಲೆಲ್ಲಿ ಹೋಗಿದೆ ಅಂತ ಯಾರಾದರೂ ತಲೆ ಎತ್ತಿ ನೋಡಿದ್ದಾರಾ? ಹತ್ತಿರ ಇದ್ದರೆ ಕರೆಂಟ್ ಕಂಪನಿ ಜೆಸ್ಕಾಂಗೆ ಅರ್ಜಿ ಕೊಟ್ಟು, ಸ್ವೀಕೃತಿ ಇಟ್ಟುಕೊಳ್ಳಿ. ಅಲ್ಲಿಯವರೆಗೆ ಕಂಬ, ಕಬ್ಬಿಣದ ಏಣಿ ಆ ಕಡೆ ಸುಳಿಯಬಾರದು.

ಹಾಗಾಗಿ ಉದ್ದ ಪಟ್ಟಿ ಪಕ್ಕಕ್ಕಿಡಿ. ಒಂದೇ ಒಂದು ರಿಜಿಸ್ಟರ್ ಮಾಡಿ. ತಪ್ಪು ಏನು, ಎಲ್ಲಿ, ಯಾರು ಸರಿಮಾಡುತ್ತಾರೆ, ಯಾವ ತಾರೀಖಿನೊಳಗೆ. ಕೊನೆಗೆ ಇನ್ನೊಂದು ಕಾಲಂ: 'ಉಳಿದ ಐದು ಕಡೆ ನೋಡಿದಿರಾ?' ಇಲಾಖೆಯವರು ಬರೆದುಕೊಟ್ಟದ್ದೂ ಇದಕ್ಕೇ ಇಳಿಯಬೇಕು. ಮಕ್ಕಳ ಮನೆಗೆ ಬಾಲನ್ಯಾಯ ಕಾಯ್ದೆ ಪ್ರಕಾರ ಮೂರು ತಿಂಗಳಿಗೊಮ್ಮೆಯಾದರೂ ತಪಾಸಣಾ ಸಮಿತಿ ಬರಬೇಕು. ಕನಿಷ್ಠ ಮೂವರು, ಅದರಲ್ಲಿ ಒಬ್ಬರು ಮಹಿಳೆ, ಒಬ್ಬರು ವೈದ್ಯಾಧಿಕಾರಿ. ಅವರು ಬರುವುದು ಮಕ್ಕಳನ್ನು ನೋಡಲು. ಹಾಸಿಗೆ ಹಿಡಿದ ಅಜ್ಜನನ್ನು ದಿನಕ್ಕೆ ಎಂಟು ಸಲ ಎತ್ತಿ ಕೂರಿಸುವ ಆಯಾಳ ಸೊಂಟ ಯಾರ ಪಟ್ಟಿಯಲ್ಲೂ ಇಲ್ಲ. ಅದನ್ನು ನೀವೇ ಬರೆದುಕೊಳ್ಳಬೇಕು. ಇಬ್ಬರಿಲ್ಲದೆ ಎತ್ತುವಂತಿಲ್ಲ ಅಂತ ನಿಯಮ ಮಾಡಿ, ರಾತ್ರಿ ಪಾಳಿಯಲ್ಲಿ ಒಬ್ಬರನ್ನೇ ಬಿಟ್ಟರೆ ಆ ನಿಯಮ ಸುಮ್ನೆ ಕಾಗದ, ಅಲ್ವಾ?

ಲೈಂಗಿಕ ಕಿರುಕುಳ ತಡೆ ಕಾಯ್ದೆ ವಿಷಯದಲ್ಲೂ ರಾಯಚೂರಿನಲ್ಲಿ ಒಂದು ಸಮಿತಿ ಇದ್ದರೆ ಸಾಲದು. ಹತ್ತು ಅಥವಾ ಜಾಸ್ತಿ ಜನ ಕೆಲಸ ಮಾಡುವ ಪ್ರತಿ ಶಾಖೆಯಲ್ಲೂ ಆಂತರಿಕ ಸಮಿತಿ ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗುತ್ತದೆ.

ನೋಡಲು ಯಾರು ಹೋಗಬೇಕು? ಸಿಂಧನೂರಿನ ಅಡುಗೆಯವರು ಗಂಗಾವತಿಗೆ, ಗಂಗಾವತಿಯ ಆಯಾ ಕುಷ್ಟಗಿಗೆ. ಬಸ್ ಚಾರ್ಜು, ಊಟ, ಒಂದು ದಿನದ ಪಗಾರ ಕೊಟ್ಟು ಕಳಿಸಿ. ಗ್ಯಾಸ್ ಪೈಪಿನ ಮೇಲೆ ಅಚ್ಚಾದ ತಾರೀಖು ನೋಡುವುದು ಅಡುಗೆಯವರ ಕಣ್ಣೇ. ಸುರಕ್ಷಾ ಪೈಪನ್ನು ಐದು ವರ್ಷಕ್ಕೆ ಬದಲಿಸಬೇಕು.

ಎರಡು ತಿಂಗಳಿಗೊಮ್ಮೆ ನೀವೇ ರಾತ್ರಿ ಹೋಗಿ, ಹೇಳದೆ. ಒಮ್ಮೆ ನಾನು ಒಂದು ವೃದ್ಧಾಶ್ರಮಕ್ಕೆ ರಾತ್ರಿ ಹತ್ತಕ್ಕೆ ಹೋಗಿದ್ದೆ. ಹಗಲು ನೋಡಿದಾಗ ಎಲ್ಲ ಚೊಕ್ಕ. ಬೆಂಕಿ ನಂದಿಸುವ ಸಿಲಿಂಡರಿನ ಮುಳ್ಳು ಹಸಿರಿನಲ್ಲೇ ಇತ್ತು. ರಾತ್ರಿ ಗ್ರಿಲ್ ಗೇಟಿಗೆ ಕೀಲಿ. ಕೀಲಿಕೈ ವಾಚ್‌ಮನ್ ಜೇಬಿನಲ್ಲಿ, ವಾಚ್‌ಮನ್ ಬಸ್ ಸ್ಟ್ಯಾಂಡಿನ ಚಹಾ ಅಂಗಡಿಯಲ್ಲಿ. ಒಳಗೆ ಹದಿನಾಲ್ಕು ಮುದುಕರು ಮತ್ತು ಒಬ್ಬ ಆಯಾ. 2001ರಲ್ಲಿ ತಮಿಳುನಾಡಿನ ಏರವಾಡಿಯಲ್ಲಿ ಸರಪಳಿ ಹಾಕಿ ಕಟ್ಟಿದ್ದ 28 ಮಾನಸಿಕ ರೋಗಿಗಳು ಬೆಂಕಿಗೆ ಸಿಕ್ಕಿ ಸತ್ತದ್ದು ನೆನಪಾಯಿತು. ಇನ್ನೊಂದು ಕೀಲಿಕೈ ಒಳಗಡೆ, ಆಯಾಳ ಕೈಗೆ ಎಟುಕುವಲ್ಲಿ ತೂಗಿರಲಿ.

ದುಡ್ಡಿನ ಮಾತು. 250 ರೂಪಾಯಿ ಪ್ಲಗ್ಗಿಗೂ ರಾಯಚೂರಿನ ಸಹಿ ಬೇಕು ಅಂದರೆ ಯಾರೂ ತಪ್ಪು ಬರೆಯುವುದಿಲ್ಲ. ಮೂರು ಸಾವಿರದವರೆಗೆ ಕೇಳದೆ ಖರ್ಚು ಮಾಡುವ ಅಧಿಕಾರ ಮೇಲ್ವಿಚಾರಕರಿಗೆ ಕೊಡಿ.

ಪ್ರಶ್ನೆ: ಶೌಚದ ಗುಂಡಿ ತುಂಬಿದೆ. ನಮ್ಮ ವಾಚ್‌ಮನ್ ತಾನೇ ಇಳಿದು ತೆಗೆಯುತ್ತೇನೆ ಅನ್ನುತ್ತಾನೆ. ಬಿಡಬಹುದೇ?
– ವಾರ್ಡನ್, ಕೊಪ್ಪಳ

ಉತ್ತರ: ಖಂಡಿತ ಬೇಡ. ಒಳಗಿನ ವಿಷಗಾಳಿಗೆ ಒಂದೆರಡು ಉಸಿರಿನಲ್ಲೇ ಪ್ರಜ್ಞೆ ಹೋಗುತ್ತದೆ. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಪ್ರಕಾರ ಹಾಗೆ ಇಳಿಸಿದವರಿಗೆ ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ನಗರಸಭೆಯ ಸಕ್ಕಿಂಗ್ ಯಂತ್ರ ಕರೆಸಿ. ಯಾರಾದರೂ ಒಳಗೆ ಬಿದ್ದರೆ ಹಿಂದೆಯೇ ಇನ್ನೊಬ್ಬರು ಇಳಿಯಬಾರದು. ಎಷ್ಟೋ ಕಡೆ ಎತ್ತಲು ಹೋದವರೂ ಸತ್ತಿದ್ದಾರೆ. 112ಕ್ಕೆ ಫೋನ್ ಮಾಡಿ.