ಬೆಂಗಳೂರಿನ ಸಾರ್ವಜನಿಕ ಉಚಿತ ವೈಫೈ ಎಷ್ಟು ಸುರಕ್ಷಿತ, ಸಮಾಜದ ಮೇಲೆ ಅದರ ಪರಿಣಾಮವೇನು?

ಜನ ಹೆದರಿಸುವಷ್ಟು ಭಯಾನಕವೇನಲ್ಲ, ಆದರೆ ಕಣ್ಣುಮುಚ್ಚಿ ನಂಬುವಂಥದ್ದೂ ಅಲ್ಲ. ಇಂದು ಬಹುತೇಕ ಜಾಲತಾಣಗಳೂ ಬ್ಯಾಂಕ್ ಆ್ಯಪ್‌ಗಳೂ ಮಾಹಿತಿಯನ್ನು ಗೂಢಲಿಪಿಯಲ್ಲೇ ಕಳುಹಿಸುವುದರಿಂದ, ಪಕ್ಕದಲ್ಲಿ ಕುಳಿತವನು ನಿಮ್ಮ ಪಾಸ್‌ವರ್ಡನ್ನು ಗಾಳಿಯಲ್ಲೇ ಹಿಡಿಯುವುದು ಸುಲಭವಲ್ಲ. ಹೆಚ್ಚಿನ ಅಪಾಯವಿರುವುದು ವೈಫೈ ಹೆಸರಿನಲ್ಲಿ. ಮೆಜೆಸ್ಟಿಕ್‌ನ ರೈಲು ನಿಲ್ದಾಣದ ವೈಫೈ ಹೆಸರನ್ನೇ ಯಾರು ಬೇಕಾದರೂ ತಮ್ಮ ಮೊಬೈಲ್ ಹಾಟ್‌ಸ್ಪಾಟ್‌ಗೆ ಇಟ್ಟುಕೊಳ್ಳಬಹುದು. ಹಿಂದೊಮ್ಮೆ ಆ ಹೆಸರಿಗೆ ಸೇರಿದ್ದ ನಿಮ್ಮ ಫೋನು ನಿಮ್ಮನ್ನು ಕೇಳದೆಯೇ ಅದಕ್ಕೆ ಅಂಟಿಕೊಂಡು, ನಕಲಿ ಲಾಗಿನ್ ಪುಟವೊಂದನ್ನು ಮುಂದಿಡಬಹುದು. ಒಟಿಪಿಗಾಗಿ ಮೊಬೈಲ್ ಸಂಖ್ಯೆ ಕೇಳುವುದು ವಾಡಿಕೆ, ಆದರೆ ಯುಪಿಐ ಪಿನ್ ಕೇಳಿದರೆ ಕೂಡಲೇ ಹೊರಬನ್ನಿ. ಆಟೋ ಕನೆಕ್ಟ್ ಆಫ್ ಮಾಡಿಡುವುದು ಅದಕ್ಕಿಂತಲೂ ಮೇಲು.

2014ರ ಜನವರಿಯಲ್ಲಿ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಗಳಲ್ಲಿ 'ನಮ್ಮ ವೈಫೈ' ಆರಂಭವಾದಾಗ ಮೊಬೈಲ್ ಡೇಟಾ ದುಬಾರಿಯಾಗಿತ್ತು. 2016ರಲ್ಲಿ ಜಿಯೋ ಬಂದ ಮೇಲೆ ಅನುಕೂಲಸ್ಥರಿಗೆ ಅದರ ಹಂಗೇ ಉಳಿಯಲಿಲ್ಲ. ರೀಚಾರ್ಜ್ ಮುಗಿದ ಡೆಲಿವರಿ ಹುಡುಗನಿಗೂ, ಊರಿಂದ ಬಂದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೂ ಉಚಿತ ವೈಫೈ ಇಂದಿಗೂ ಆಸರೆ. ಆದರೆ ಫೋನ್ ಸಂಖ್ಯೆಯನ್ನೂ, ಯಾವ ತಾಣಗಳಿಗೆ ಹೋದೆವೆಂಬ ಜಾಡನ್ನೂ ವೈಫೈ ನಡೆಸುವವರಿಗೆ ಹೆಚ್ಚಾಗಿ ಒಪ್ಪಿಸಬೇಕಾಗಿ ಬರುವುದೂ, ನನ್ನ ಪ್ರಕಾರ, ಬೇರೆ ದಾರಿಯಿಲ್ಲದ ಇದೇ ಜನಕ್ಕೆ.