ಕೊಟ್ಟಿಗೆಯ ನಿರ್ಧಾರ ಯಾರ ಕೈಯಲ್ಲಿದೆ?

ಕರು ಹಾಕಿ ಆರು ತಿಂಗಳಾದರೂ ಎರಡು ಹಸುಗಳು ಗಬ್ಬವಾಗಿಲ್ಲ, ಹಿಂಡಿ ಬದಲಿಸಬೇಕೇ ಅಥವಾ ಅವನ್ನು ಮಾರಬೇಕೇ ಎಂದು ಕೇಳಿದ್ದೀರಿ. ಕೊಟ್ಟಿಗೆಯ ಕೆಲಸವೆಲ್ಲ ಪತ್ನಿ ಮತ್ತು ತಾಯಿಯವರದು, ವೈದ್ಯರನ್ನು ಕರೆಸುವುದು ಹಾಗೂ ಲೆಕ್ಕ ನೋಡುವುದು ನಿಮ್ಮದು ಎಂದೂ ಬರೆದಿದ್ದೀರಿ. ನನಗೆ ತೊಡಕು ಕಾಣುವುದು ಈ ಎರಡನೆಯ ಮಾತಿನಲ್ಲಿ.

ಗಬ್ಬವಿಲ್ಲದ ಹಸು ಸಾಮಾನ್ಯವಾಗಿ 21 ದಿನಗಳಿಗೊಮ್ಮೆ ಬೆದೆಗೆ, ಅಂದರೆ ಗಬ್ಬವಾಗಲು ಸಿದ್ಧವಾಗುವ ಸ್ಥಿತಿಗೆ, ಬರುತ್ತದೆ. ಆ ಬೆದೆ ಒಂದು ದಿನವೂ ಪೂರ್ತಿ ಉಳಿಯುವುದಿಲ್ಲ, ಅದರಲ್ಲೂ ಹೆಚ್ಚಿನ ಹೊತ್ತು ರಾತ್ರಿಯಲ್ಲೋ ನಸುಕಿನಲ್ಲೋ ಕಳೆದುಹೋಗಬಹುದು. ಇನ್ನೊಂದು ಹಸುವಿನ ಮೇಲೇರುವುದು ಬೆದೆಯ ಗುರುತು, ಆದರೆ ಕಟ್ಟಿಹಾಕಿದ ಹಸುವಿನಲ್ಲಿ ಅದನ್ನು ನಾವು ಕಾಣಲಾಗದು. ಬಾಲದ ಬುಡಕ್ಕೆ ಅಂಟಿದ ತಿಳಿಲೋಳೆ, ಅಂದು ಅರ್ಧ ಲೀಟರ್ ಕಡಿಮೆಯಾದ ಹಾಲು, ಕಾರಣವಿಲ್ಲದ ಕೂಗು, ಇವನ್ನೆಲ್ಲ ಮೊದಲು ಗಮನಿಸುವವರು ಮುಂಜಾನೆ ಹಾಲು ಕರೆಯಲು ಕುಳಿತವರೇ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಬೇಕೆಂಬುದು ರೂಢಿಯ ನಿಯಮ. ನಿಮ್ಮ ಪತ್ನಿ ಕಂಡದ್ದನ್ನು ರಾತ್ರಿ ನಿಮಗೆ ತಿಳಿಸಿ, ನೀವು ಮರುದಿನ ಬಿಡುವಾದಾಗ ಫೋನ್ ಮಾಡುವಷ್ಟರಲ್ಲಿ ಆ ಹೊತ್ತು ಮೀರಿರುತ್ತದೆ. ಮತ್ತೆ ಮೂರು ವಾರ ಕಾಯಬೇಕು. ನಾನೂ ಹೀಗೆಯೇ ಮಾಡಿ, ಹಸುವೇ ಸರಿಯಿಲ್ಲವೆಂದು ಒಂದನ್ನು ಮಾರಿದೆ. ಕೊಂಡವರ ಕೊಟ್ಟಿಗೆಯಲ್ಲಿ ಅದು ಮೊದಲ ಸಲಕ್ಕೇ ಗಬ್ಬ ನಿಂತಿತು.

ಎರಡೂ ಹಸುಗಳ ಗರ್ಭಕೋಶವನ್ನು ಒಮ್ಮೆ ತಪಾಸಣೆ ಮಾಡಿಸಿ; ಸೋಂಕಿದ್ದರೆ ಅಥವಾ ಹಸು ತೀರಾ ಬಡಕಲಾಗಿದ್ದರೆ ಅದಕ್ಕೆ ಬೇರೆಯೇ ಚಿಕಿತ್ಸೆ ಬೇಕು. ಅದಾದ ಮೇಲೆ ವೈದ್ಯರ ನಂಬರು ಪತ್ನಿಯವರ ಫೋನಿನಲ್ಲಿರಲಿ, ಕರೆಸಲು ನಿಮ್ಮ ಒಪ್ಪಿಗೆಗೆ ಕಾಯಬೇಕಿಲ್ಲವೆಂಬುದು ಮನೆಯಲ್ಲಿ ಸ್ಪಷ್ಟವಾಗಿರಲಿ, ಆ ಖರ್ಚಿನ ಹಣವೂ ಅವರ ಕೈಯಲ್ಲಿರಲಿ. ಕೊಟ್ಟಿಗೆಯ ಗೋಡೆಗೆ ಒಂದು ಕ್ಯಾಲೆಂಡರ್ ತೂಗುಹಾಕಿ. ತಾಯಿಯವರಿಗೆ ಬರೆಯುವುದು ಕಷ್ಟವಾದರೆ ಬೆದೆ ಕಂಡ ದಿನಕ್ಕೆ ಕೆಂಪು ಚುಕ್ಕೆ, ಗರ್ಭಧಾರಣೆಗೆ ನೀಲಿ ಚುಕ್ಕೆ ಇಟ್ಟರೂ ಸಾಕು. ಅಲ್ಲಿಂದ 18ರಿಂದ 24ನೆಯ ದಿನದವರೆಗೆ ಆ ಹಸುವಿನ ಮೇಲೆ ವಿಶೇಷ ನಿಗಾ ಇರಬೇಕು.

ಕೆಚ್ಚಲು ಬಾವಿನ ವಿಷಯವೂ ಇದೇ. ಮೊದಲ ನಾಲ್ಕು ಧಾರೆಯನ್ನು ಕಪ್ಪು ಬಟ್ಟಲಿಗೆ ಕರೆದಾಗ ಬಾವಿನ ಗುರುತಾದ ಸಣ್ಣ ಗರಣೆಗಳನ್ನು ಕಾಣುವವರು ಅವರೇ ಆಗಿರುವಾಗ, ಹೈನುಗಾರಿಕೆಯ ತರಬೇತಿಗೆ ನೀವೊಬ್ಬರೇ ಹೋಗಿ ಬರುವುದರಲ್ಲಿ ಅರ್ಥವಿಲ್ಲ.

ಒಂದು ಎಚ್ಚರಿಕೆ. ಈಗಿರುವ ಕೆಲಸದ ಮೇಲೆ ಇದನ್ನೂ ಹೇರಿದರೆ ಕ್ಯಾಲೆಂಡರ್ ತಿಂಗಳಲ್ಲೇ ಖಾಲಿ ಬಿದ್ದಿರುತ್ತದೆ. ಬೆಳಗಿನ ಸಗಣಿ ತೆಗೆಯುವುದನ್ನು, ನೀರು ಹೊರುವುದನ್ನು ನೀವು ವಹಿಸಿಕೊಂಡರೆ, ಹಸುವಿನ ಹಿಂದೆ ಎರಡು ನಿಮಿಷ ನಿಂತು ನೋಡಲು ಅವರಿಗೆ ಬಿಡುವು ಸಿಗುತ್ತದೆ.