ವೆಲ್ಲರ್ 12ಕ್ಕೆ 250 ಡಾಲರ್ ಕೊಡಬೇಡಿ

ಕೆಂಟಕಿಯ ಲೂಯಿವಿಲ್‌ಗೆ ಹೊಸದಾಗಿ ಬಂದ ನೀವು ಕೇಳಿದ್ದು ಮೂರು: ಮನೆ ಯಾವ ಕಡೆ ನೋಡಲಿ, ಅಂಗಡಿಯವನು ವೆಲ್ಲರ್ 12 ಅನ್ನೋ ಹನ್ನೆರಡು ವರ್ಷ ಮಾಗಿದ ಬರ್ಬನ್ ವಿಸ್ಕಿಗೆ 250 ಡಾಲರ್ ಹೇಳ್ತಿದ್ದಾನೆ ತಗೋಬಹುದಾ, ಊರಿಗೆ ಹೋಗುವಾಗ ಮಾವನವರಿಗೆ ಯಾವ ಬಾಟಲಿ ಒಯ್ಯಲಿ. ಮನೆ ಆಫೀಸಿಗೆ ಹತ್ತಿರ ಇದ್ದರೆ ಸಾಕು, ಇಲ್ಲಿ ಬಸ್ಸು ನಂಬಿ ಕೂತರೆ ಆಗಲ್ಲ.

ವೆಲ್ಲರ್ ಆ ದುಡ್ಡಿಗೆ ಬೇಡ. ನಾನು ಬಂದ ಕಾಲಕ್ಕೆ ಅದು ಕೆಳಗಿನ ಶೆಲ್ಫಿನಲ್ಲಿ ಧೂಳು ಹಿಡಿದು ಕೂತಿರುತ್ತಿತ್ತು. ಒಂದೆರಡು ಪೆಟ್ಟಿಗೆ ತೆಗೆದಿಡಬೇಕು ಅಂತ ಯಾರಿಗೂ ಹೊಳೆಯಲಿಲ್ಲ, ಆ ಹೊಟ್ಟೆಯುರಿ ಈಗಲೂ ಇದೆ. ಪ್ಯಾಪಿ ವ್ಯಾನ್ ವಿಂಕಲ್ ಅನ್ನೋ ಸುಲಭಕ್ಕೆ ಸಿಗದ ದುಬಾರಿ ಬರ್ಬನ್‌ಗೆ ಇದು ದಾಯಾದಿ ಅಂತ ಸುದ್ದಿ ಹಬ್ಬಿದ್ದೇ ತಡ, ಬೆಲೆ ಕೈಗೆ ಸಿಗದಂತಾಯ್ತು.

ದಾಯಾದಿ ಅನ್ನೋದು ನಿಜವೇ. ಬರ್ಬನ್ ಅಂದರೆ ಕನಿಷ್ಠ ಶೇ. 51 ಮೆಕ್ಕೆಜೋಳ ಇರಬೇಕು, ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಮಾಗಬೇಕು. ಎರಡನೇ ಧಾನ್ಯವಾಗಿ ಸಾಮಾನ್ಯವಾಗಿ ರೈ ಹಾಕ್ತಾರೆ, ಅದರದು ಮೆಣಸಿನ ಖಾರ. ಗೋಧಿ ಹಾಕಿದರೆ ಆ ಖಾರ ಇರಲ್ಲ, ಪೀಪಾಯಿಯ ವೆನಿಲ್ಲಾ, ಕ್ಯಾರಮೆಲ್ ಮುಂದೆ ಬರುತ್ತೆ. ವೆಲ್ಲರ್, ಪ್ಯಾಪಿ ಎರಡೂ ಇದೇ ಕೆಂಟಕಿಯ ಫ್ರಾಂಕ್‌ಫರ್ಟಿನ ಬಫಲೋ ಟ್ರೇಸ್ ಡಿಸ್ಟಿಲರಿಯಲ್ಲಿ ಒಂದೇ ಗೋಧಿ ಪಾಕದಿಂದ, ಅಂದರೆ ಧಾನ್ಯಗಳ ಒಂದೇ ಮಿಶ್ರಣದಿಂದ ಆಗೋದು. ವ್ಯತ್ಯಾಸ ಇರೋದು ಮಾಗಿದ ವರ್ಷದಲ್ಲಿ, ಪೀಪಾಯಿಯ ಆಯ್ಕೆಯಲ್ಲಿ, ಕಡುವಿನಲ್ಲಿ (ಆಲ್ಕೋಹಾಲ್ ಶೇಕಡಾ ಎಷ್ಟು ಅನ್ನೋದು).

ಹದಿನೈದು ವರ್ಷದ ಪ್ಯಾಪಿ 15 ಶೇ. 53.5 ಕಡು. ವೆಲ್ಲರ್ ಆಂಟಿಕ್ 107 ಕೂಡ ಅಷ್ಟೇ ಕಡು, ಆದರೆ ವಯಸ್ಸು ಬರೆದಿರಲ್ಲ. ವೆಲ್ಲರ್ 12ಕ್ಕೆ ವಯಸ್ಸಿದೆ, ಕಡು ಶೇ. 45 ಮಾತ್ರ. ಎರಡನ್ನೂ ಅರ್ಧರ್ಧ ಬೆರೆಸಿ ಒಂದೆರಡು ವಾರ ಇಟ್ಟರೆ ಅದೇ 'ಬಡವರ ಪ್ಯಾಪಿ', ಶೇ. 49ರ ಆಸುಪಾಸು. ಒಂದರಿಂದ ಮಾಗು, ಇನ್ನೊಂದರಿಂದ ಬಿಸಿ. ಈಗಿನ ರೇಟಿನಲ್ಲಿ ಬಡವರಿಗೆ ಅದೂ ಎಟುಕಲ್ಲ, ಆ ಮಾತು ಬೇರೆ.

ಎಟುಕೋದು ಯಾವುದು ಅಂದರೆ ಮೇಕರ್ಸ್ ಮಾರ್ಕ್: ಶೇ. 70 ಮೆಕ್ಕೆಜೋಳ, 16 ಗೋಧಿ, 14 ಬಾರ್ಲಿ ಮಾಲ್ಟ್. ಮಾಮೂಲಿ ಬಾಟಲಿ ಬಿಟ್ಟು ಕಾಸ್ಕ್ ಸ್ಟ್ರೆಂತ್ ತಗೊಳ್ಳಿ, ಅದು ನೀರು ಬೆರೆಸಿ ಕಡು ಇಳಿಸದೆ ತುಂಬಿದ್ದು. ಐವತ್ತು ಡಾಲರ್ ಆಸುಪಾಸಿನಲ್ಲಿ ಅದಕ್ಕೆ ಸಾಟಿ ನನಗಂತೂ ಕಂಡಿಲ್ಲ. ಲಾರ್ಸೆನಿಯಲ್ಲಿ ಗೋಧಿ ಶೇ. 20, ಕಡು 46. ನಾಲಗೆಗೆ ಸ್ವಲ್ಪ ಒರಟು, ಬೆಲೆಗೆ ಮೋಸವಿಲ್ಲ. ಬರ್ನ್‌ಹೈಮ್ ನೋಡಿ ಇದೂ ಅದೇ ಜಾತಿ ಅಂದುಕೊಳ್ಳಬೇಡಿ. ಅದರಲ್ಲಿ ಗೋಧಿಯೇ ಅರ್ಧಕ್ಕಿಂತ ಹೆಚ್ಚು, ಹಾಗಾಗಿ ಅದು ಬರ್ಬನ್ನೇ ಅಲ್ಲ, ವೀಟ್ ವಿಸ್ಕಿ.

ಹೋಲಿಸಿ ನೋಡುವಾಗ ಎಲ್ಲರೂ ಎಡವೋದು ಕಡುವಿನ ಹತ್ತಿರ. 53.5ರದನ್ನೂ 45ರದನ್ನೂ ಹಾಗೇ ಕುಡಿದರೆ ಮೊದಲನೆಯದು 'ದಪ್ಪ', ಎರಡನೆಯದು 'ನೀರು' ಅನ್ನಿಸುತ್ತೆ, ಪಾಕದ ಗುಣ ಗೊತ್ತೇ ಆಗಲ್ಲ. ಆಂಟಿಕ್ 30 ಎಂಎಲ್‌ಗೆ 6 ಎಂಎಲ್ ನೀರು ಹಾಕಿ, ಅಂದರೆ ಒಂದು ಟೀ ಚಮಚಕ್ಕಿಂತ ಚೂರು ಜಾಸ್ತಿ. ಹೆಚ್ಚುಕಮ್ಮಿ 45ಕ್ಕೆ ಇಳಿಯುತ್ತೆ. ಲೋಟ ಎರಡೂ ಒಂದೇ ಥರದ್ದಿರಲಿ, ಐಸ್ ಬೇಡ, ಹತ್ತು ನಿಮಿಷ ಬಿಡಿ, ಯಾವುದು ಯಾವುದು ಅಂತ ಮನೆಯವರು ಗುಟ್ಟಾಗಿ ಗುರುತು ಹಾಕಿಡಲಿ. ಆಮೇಲೆ ಹೇಳಿ, ವೆಲ್ಲರ್ 12ಕ್ಕೆ 250 ಡಾಲರ್ ಕೊಡುವಷ್ಟು ವ್ಯತ್ಯಾಸ ಇದೆಯಾ ಅಂತ.

ಅಂಗಡಿ ಬಿಟ್ಟು ಕೈಯಿಂದ ಕೈಗೆ ಮಾರುವವರ ಹತ್ತಿರ ಹೋಗಲೇಬೇಡಿ. ಲೈಸೆನ್ಸ್ ಇಲ್ಲದೆ ಮಾರೋದು ಅಪರಾಧ. ಅದಕ್ಕಿಂತ ಹೆಚ್ಚಾಗಿ, ಖಾಲಿ ಪ್ಯಾಪಿ ಬಾಟಲಿಗಳಿಗೂ ಇಲ್ಲಿ ಗಿರಾಕಿಗಳಿದ್ದಾರೆ. ಯಾಕೆ ಅಂತ ಯೋಚಿಸಿ.

ನೀವು ಕೇಳದ ಒಂದು ಮಾತು, ನನಗೆ ಮಿಕ್ಕೆಲ್ಲದಕ್ಕಿಂತ ಮುಖ್ಯ ಅನ್ನಿಸೋದು. ನಮ್ಮ ಕಡೆ ಲಾರ್ಜ್ ಅಂದರೆ 60 ಎಂಎಲ್, ಶೇ. 42.8ರದು, ಅದರಲ್ಲೂ ಬಹುಪಾಲು ಕಾಕಂಬಿ ಸ್ಪಿರಿಟ್ ಬೆರೆತದ್ದು. ಅದೇ ಕೈ ಅಳತೆಯಲ್ಲಿ 107 ಪ್ರೂಫ್, ಅಂದರೆ ಶೇ. 53.5ರದು ಸುರಿದರೆ ಒಂದೇ ಲಾರ್ಜಿನಲ್ಲಿ ಇಲ್ಲಿನ ಲೆಕ್ಕದ ಸುಮಾರು ಎರಡು ಡ್ರಿಂಕ್ ಹೊಟ್ಟೆಗೆ ಹೋಗಿರುತ್ತೆ. ಗೋಧಿ ಬರ್ಬನ್ ಗಂಟಲಲ್ಲಿ ಅಷ್ಟಾಗಿ ಸುಡಲ್ಲ, ಎಚ್ಚರಿಸಲ್ಲ. ರಕ್ತದಲ್ಲಿ ಆಲ್ಕೋಹಾಲ್ ಶೇ. 0.08 ಮುಟ್ಟಿ ಗಾಡಿ ಓಡಿಸಿದರೆ ಡಿಯುಐ, ಅಂದರೆ ಕುಡಿದು ಓಡಿಸಿದ ಕೇಸು. ವೀಸಾ ಮೇಲಿರುವವರಿಗೆ ಕೋರ್ಟು ತೀರ್ಪು ಬರುವ ತನಕ ಕಾಯೋದೂ ಇಲ್ಲ, ಬರೀ ಅರೆಸ್ಟ್ ಆದರೂ ಪಾಸ್‌ಪೋರ್ಟಿನಲ್ಲಿರೋ ವೀಸಾ ಸ್ಟಾಂಪಿಂಗ್ ರದ್ದಾಗಬಹುದು. ಆಮೇಲೆ ಊರಿಗೆ ಹೋದರೆ ವಾಪಸ್ ಬರೋದು ಹೊಸ ಸ್ಟಾಂಪಿಂಗ್ ಸಿಕ್ಕರೆ ಮಾತ್ರ. ಪಾರ್ಟಿಗೆ ಕಾರು ಬೇಡ. ತೆರೆದ ಬಾಟಲಿ ಮನೆಗೆ ತರುವುದಾದರೆ ಡಿಕ್ಕಿಯಲ್ಲಿರಲಿ.

ಮಾವನವರಿಗೆ: ಬೆಂಗಳೂರು ಕಸ್ಟಮ್ಸ್‌ನಲ್ಲಿ ಒಬ್ಬರಿಗೆ 2 ಲೀಟರ್ ತನಕ ಸುಂಕವಿಲ್ಲ, ಅಂದರೆ 750ರ ಎರಡು ಬಾಟಲಿ. ಚೆಕ್‌ಇನ್ ಸೂಟ್‌ಕೇಸಿನ ನಡುವೆ ಬಟ್ಟೆ ಸುತ್ತಿಡಿ. ಸೋಡಾ ಬೆರೆಸುವವರಾದರೆ 45ರದು ಕಳೆದೇ ಹೋಗುತ್ತೆ, ಶೇ. 50ರ ರೆಬೆಲ್ 100 ಅನ್ನೋ ಗೋಧಿ ಬರ್ಬನ್ ತಡೆಯುತ್ತೆ. ಇನ್ನೊಂದು ಮೇಕರ್ಸ್ ಕಾಸ್ಕ್ ಸ್ಟ್ರೆಂತ್ ಇರಲಿ. ಆ ಕೆಂಪು ಮೇಣಕ್ಕೆ ಚಾಕು ಹಾಕಬೇಡಿ ಅಂತ ಹೇಳಿ. ಕತ್ತಿನ ಹತ್ತಿರ ಪಟ್ಟಿಯ ತುದಿ ಹೊರಗೆ ಬಂದಿರುತ್ತೆ, ಹಿಡಿದೆಳೆದರೆ ಸುತ್ತಲೂ ಬಿಚ್ಚಿಕೊಳ್ಳುತ್ತೆ.